ಸುಣ್ಣದ ನೆಲದ ಉಡುಗೊರೆ

ವಾರಪತ್ರಿಕೆಗೆ ಚಂದಾ ಕಟ್ಟುವುದು ನಮ್ಮವರಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಈಗ ನೊರೆಯುಕ್ಕುವ ದ್ರಾಕ್ಷಾಮದ್ಯಕ್ಕೂ ಚಂದಾ ಕಟ್ಟುತ್ತಾರೆ! ಹಣ ತೆರುವವರು ಒಬ್ಬರು, ಸವಿಯುವವರು ಇನ್ನೊಬ್ಬರು. ಗೆಳೆಯನ ನಿವೃತ್ತಿಗೋ ಮಗಳ ಮದುವೆಗೋ ಒಮ್ಮೆ ಹಣ ಕಟ್ಟಿದರಾಯಿತು. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಒಂದು ಪೆಟ್ಟಿಗೆ ಅವರ ಬಾಗಿಲಿಗೆ ಬರುತ್ತದೆ. ಸೀಸೆಯೊಡನೆ ಅದು ಯಾವ ತೋಟದ್ದು, ಯಾವ ಊರಿನದು, ಅಲ್ಲಿಯ ಮಣ್ಣು ಎಂಥದು ಎಂಬ ವಿವರವೂ ಇರುತ್ತದೆ. ಉಡುಗೊರೆಯ ಅರ್ಧ ಬೆಲೆ ಆ ವಿವರಕ್ಕೇ ಸಲ್ಲಬೇಕು.

ನೊರೆಯ ಮದ್ಯವೆಂದರೆ ಫ್ರಾನ್ಸಿನ ಶಾಂಪೇನ್ ಎಂದೇ ಲೋಕ ನಂಬಿದೆ. ಆದರೆ ಸಕ್ಕರೆ, ಕಾಕಂಬಿಗಳನ್ನು ಬೆರೆಸಿ ಮದ್ಯವನ್ನು ಚುರುಕುಗೊಳಿಸುವ ಲಂಡನ್ನಿನ ವ್ಯಾಪಾರಿಗಳ ಪದ್ಧತಿಯನ್ನು ಕ್ರಿಸ್ಟಫರ್ ಮೆರೆಟ್ ಎಂಬ ಆಂಗ್ಲ ವಿದ್ವಾಂಸನು 1662ರಲ್ಲಿಯೇ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದನು. ಆದರೂ ಇಂಗ್ಲೆಂಡಿನ ದ್ರಾಕ್ಷಿಗೆ ಮರ್ಯಾದೆ ಬರಲು ಮುನ್ನೂರು ವರ್ಷಗಳಿಗೂ ಮಿಕ್ಕಿ ಕಾಯಬೇಕಾಯಿತು. 1988ರಲ್ಲಿ ಸಸೆಕ್ಸ್ ಪ್ರಾಂತದ ನೈಟಿಂಬರ್ ಎಂಬಲ್ಲಿ ಶಾಂಪೇನ್ ತಳಿಯ ಬಳ್ಳಿಗಳನ್ನು ನೆಟ್ಟ ಮೇಲೆ ಜನ ನೆಲದ ಕಡೆಗೆ ಕಣ್ಣು ಹಾಯಿಸಿದರು. ಶಾಂಪೇನ್ ಸೀಮೆಯ ಬಿಳಿಯ ಸೀಮೆಸುಣ್ಣದ ಪದರವೇ ಕಡಲಿನಡಿಯಿಂದ ಹಾದು ದಕ್ಷಿಣ ಇಂಗ್ಲೆಂಡಿನಲ್ಲಿ ಮತ್ತೆ ತಲೆಯೆತ್ತಿತ್ತು. 2022ರಲ್ಲಿ ಸಸೆಕ್ಸ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯೂ ದೊರೆಯಿತು.

ಸುಣ್ಣದ ನೆಲವೆಂದರೆ ಕನ್ನಡನಾಡಿನಲ್ಲಿ ಮೊದಲು ನೆನಪಾಗುವುದು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆ. ಶಹಾಬಾದಿನ ಫರಸಿ ಎಷ್ಟೋ ಊರುಗಳ ಮನೆಗಳಿಗೆ ನೆಲಗಟ್ಟಾಯಿತು. ಅದೇ ಕಲ್ಲನ್ನು ಸುಟ್ಟು ಪುಡಿಮಾಡುವ ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂಗಳ ಆಕಾಶಕ್ಕೆ ಹೊಗೆಗೊಳವೆಗಳನ್ನು ಎತ್ತಿವೆ. ಇಂಗ್ಲೆಂಡಿನ ಸೀಮೆಸುಣ್ಣಕ್ಕೂ ಈ ಕಲ್ಲಿಗೂ ವಯಸ್ಸಿನಲ್ಲಿ ಅಜಗಜಾಂತರ. ನಮ್ಮದು ಬಹುಪಾಲು ಹಿರಿದು. ಧಾತುವೇನೋ ಒಂದೇ. ಇಲ್ಲಿಯ ಕಪ್ಪುಮಣ್ಣಿನಲ್ಲಿರುವ ಸುಣ್ಣದಂಶ, ಪೊಟ್ಯಾಷ್‌ಗಳಿಂದಲೇ ಈ ಸೀಮೆಯ ತೊಗರಿಗೆ ಅದರ ರುಚಿ, ಪರಿಮಳ ಬಂದಿವೆಯೆನ್ನುತ್ತಾರೆ. ಬೇಳೆ ಬೇಗ ಬೇಯುತ್ತದೆಂಬುದನ್ನಂತೂ ಅಡಿಗೆಮನೆಯೇ ಹೇಳುತ್ತದೆ.

ಈ ಸೀಮೆಯ ಚಂದಾ ಉಡುಗೊರೆ ಈ ತೊಗರಿಯೇ. ಇದಕ್ಕೆ ರಸೀದಿಯಿಲ್ಲ, ಅವಧಿಯಿಲ್ಲ. ಮಗಳನ್ನು ಕೊಟ್ಟ ವರ್ಷ ಪ್ರಾರಂಭವಾದದ್ದು ಮೊಮ್ಮಕ್ಕಳ ಕಾಲಕ್ಕೂ ನಡೆದಿರುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಎಳ್ಳಮಾವಾಸ್ಯೆಯ ವೇಳೆಗೆ ತುಂಬಿ ನಿಲ್ಲುತ್ತದೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿ ಉಂಡು ಬರುತ್ತಾರೆ. ರಾಶಿಯಾದ ಮೇಲೆ ಮನೆಯ ಹೆಂಗಸರ ಕೆಲಸ. ತೊಗರಿಯನ್ನು ನೆನೆಹಾಕಿ, ಕೆಮ್ಮಣ್ಣು ಬೆರೆಸಿ, ಬಿಸಿಲಿನಲ್ಲಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ ಬೇಳೆ ಮಾಡುವುದು ದಿನಗಟ್ಟಲೆಯ ದುಡಿಮೆ. ಗಿರಣಿಗಳು ಬಂದು ಆ ಶ್ರಮ ಎಷ್ಟೋ ತಗ್ಗಿದೆ; ತಗ್ಗಿದ್ದು ಒಳ್ಳೆಯದೇ. ಅನಂತರ ಚೀಲ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತದೆ. 1874ರಲ್ಲಿ ನಿಜಾಮರ ರೈಲುಮಾರ್ಗ ಇಲ್ಲಿಂದಲೇ ಸಿಕಂದರಾಬಾದಿಗೆ ಹೊರಟಿತು. ಮುಂಬಯಿಯ ದಾರಿಯೂ ಇದೇ. ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೌಕರಿಯಲ್ಲಿರುವವರ ಮನೆಗೆ ದೂರವಾಣಿಯಲ್ಲಿ ಕೇಳಿಬರುವ ಪ್ರಶ್ನೆಯೊಂದುಂಟು: “ಬ್ಯಾಳಿ ಮುಗೀತೇನವ್ವಾ?” ಕ್ಷೇಮಸಮಾಚಾರವೆಲ್ಲ ಅದರಲ್ಲೇ ಅಡಗಿದೆ.

ಆದರೆ ಸಸೆಕ್ಸಿನ ಸೀಸೆಗಿರುವ ಭಾಗ್ಯ ಉಳಿದ ತೊಗರಿಗಿಲ್ಲ. ನೆಂಟರ ಮನೆಗೆ ಹೋದ ಚೀಲಕ್ಕೆ ಮಾತ್ರ ಊರುಂಟು. ಮಾರುಕಟ್ಟೆಗೆ ಹೋದದ್ದು ಹತ್ತೂರ ರಾಶಿಯಲ್ಲಿ ಬೆರೆತು ಬರಿಯ ಬೇಳೆಯಾಗುತ್ತದೆ. ಬರ್ಮಾದಿಂದ, ಆಫ್ರಿಕದ ಮೊಜಾಂಬಿಕ್‌ನಿಂದ ಹಡಗಿನಲ್ಲಿ ಬರುವ ತೊಗರಿಯೂ ಅದೇ ಅಂಗಡಿಯ ಡಬ್ಬಿ ಸೇರುತ್ತದೆ. ಒಡೆದ ಬೇಳೆಯನ್ನು ನೋಡಿ ಅದು ಚಿತ್ತಾಪುರದ್ದೋ ಸಮುದ್ರದಾಚೆಯದೋ ಎಂದು ಹೇಳುವುದು ಕಷ್ಟ. ಇದಕ್ಕಾಗಿಯೇ 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. (ನಗರದ ಹೆಸರು 2014ರಲ್ಲೇ ಕಲಬುರಗಿಯಾಗಿದ್ದರೂ ಬೇಳೆ ಹಳೆಯ ಹೆಸರನ್ನೇ ಹಿಡಿದುಕೊಂಡಿತು!) ನೋಂದಣಿಯಾದ ಮಾತ್ರಕ್ಕೆ ರೈತನ ಕೈಗೆ ಹೆಚ್ಚು ಹಣ ಬಂದೀತೆಂದಲ್ಲ. ಹೆಸರು ಕಾಗದದಿಂದ ಚೀಲದ ಮೇಲೆ ಇಳಿಯಬೇಕು. ಕೊಳ್ಳುವ ಗೃಹಿಣಿ ಅದನ್ನು ಕೇಳಿ ಪಡೆಯಬೇಕು. ಒಂದು ವರ್ಷದ ಬೇಳೆಗೆ ಮುಂಗಡ ಹಣ ಕಟ್ಟಿ, ಮೂರು ತಿಂಗಳಿಗೊಮ್ಮೆ ನೆಂಟರ ಮನೆಗೆ ಊರ ಹೆಸರಿನ ಚೀಲ ಕಳುಹಿಸುವ ಏರ್ಪಾಡು ಇಲ್ಲೇಕೆ ಆಗಬಾರದು? ಸೀಸೆಯನ್ನು ಕಳುಹಿಸಲು ಅಬಕಾರಿಯ ಅಡ್ಡಿಗಳುಂಟು; ಬೇಳೆಗೆ ಆ ತೊಡಕಿಲ್ಲ.

ಮುಂಗಡ ಹಣದ ಬೆಲೆ ತಿಳಿಯುವುದು ಬೆಳೆ ಕೈಕೊಟ್ಟಾಗ. 2022ರ ಕೊನೆಯಲ್ಲಿ ನೆಟೆರೋಗ ತಗುಲಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಇಂಗ್ಲೆಂಡಿನ ತೋಟದವರಿಗೆ ಅಂಥ ಹೊತ್ತಿಗೆ ನೆಲಮಾಳಿಗೆಯಲ್ಲಿ ಹಿಂದಿನ ವರ್ಷಗಳ ಮದ್ಯವಿರುತ್ತದೆ; ಅದು ಹಳತಾದಷ್ಟೂ ಹಿತ. ಬೇಳೆ ಹಳತಾದರೆ ಬೇಯಲು ಹಟ ಹಿಡಿಯುತ್ತದೆ. ಕೈಗೆ ಬಂದಷ್ಟರಲ್ಲಿ ಮೊದಲು ಬೀಜಕ್ಕೆ, ಆಮೇಲೆ ಮನೆಗೆ. ಮಿಕ್ಕದ್ದನ್ನು ಸೇರಿನಲ್ಲಿ ಅಳೆದು, ಹೆಣ್ಣುಮಕ್ಕಳ ಮನೆಗಳೆಷ್ಟೋ ಅಷ್ಟು ಪಾಲು ಮಾಡಿ ಗಂಟು ಕಟ್ಟುತ್ತಾರೆ.