ವಿಮಾನದ ಕೋಡೊಲೆ

ಅಡುಗೆಯ ಒಲೆಗೆ ಕೋಡೊಲೆಯನ್ನು ಸೇರಿಸಿ, ವ್ಯರ್ಥವಾಗಿ ಹೋಗುವ ಉರಿಯಿಂದ ನೀರು ಕಾಯಿಸಿಕೊಳ್ಳುವ ಜಾಣ್ಮೆಯು ಕುಂಬ್ರದಂತಹ ನಮ್ಮ ಹಳ್ಳಿಗಳ ಗೃಹಿಣಿಯರಿಗೆ ಹೊಸತಲ್ಲ. ಹಳೆಯ ಕಾಲದ ಚಿಕ್ಕ ವಿಮಾನಗಳನ್ನು ರಚಿಸಿದವರೂ ಇದೇ ಯುಕ್ತಿಯನ್ನು ಅವಲಂಬಿಸಿದ್ದರೆಂದರೆ ವಾಚಕರಿಗೆ ಕೌತುಕವೆನಿಸಬಹುದು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಿರ್ಮಿತವಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ'ವು ಇಬ್ಬರು ಕುಳಿತುಕೊಳ್ಳುವ ವಿಮಾನ. ಅದರ ಪೆಟ್ರೋಲ್ ಯಂತ್ರವು 90 ಅಶ್ವಶಕ್ತಿಯದು. ಇಂತಹ ಯಂತ್ರಗಳಲ್ಲಿ ಪೆಟ್ರೋಲು ಕಾರ್ಬ್ಯುರೇಟರಿನೊಳಗೆ ಗಾಳಿಯೊಡನೆ ಬೆರೆತು ಆವಿಯಾಗುವುದು. ಮಣ್ಣಿನ ಹೂಜಿಯ ಮೈಯಿಂದ ನೀರು ಆರಿದಾಗ ಒಳಗಿನ ನೀರು ತಂಪಾಗುವಂತೆ, ಅಲ್ಲಿಯೂ ಶೈತ್ಯವುಂಟಾಗುವುದು. ಇಕ್ಕಟ್ಟಾದ ಕೊರಳಿನಲ್ಲಿ ಗಾಳಿಯ ಒತ್ತಡ ಕುಂದುವುದರಿಂದ ಅದು ಇನ್ನಷ್ಟು ಹೆಚ್ಚುವುದು. ಹೀಗೆ ಉಷ್ಣತೆಯು 20 ಡಿಗ್ರಿಗಳಿಗೂ ಮಿಗಿಲಾಗಿ ಇಳಿಯಬಹುದು. ಆದುದರಿಂದ ಹಿಮಾಲಯದಲ್ಲಿ ಮಾತ್ರವಲ್ಲ, ನಮ್ಮ ಮಳೆಗಾಲದ ತೇವಭರಿತವಾದ ಬೆಚ್ಚನೆಯ ಗಾಳಿಯಲ್ಲಿಯೂ ಅಲ್ಲಿ ಮಂಜುಗಡ್ಡೆ ಕಟ್ಟಿ, ಯಂತ್ರದ ಉಸಿರೇ ನಿಲ್ಲಬಹುದು. ಕೆಳಗಿಳಿಯಲೆಂದು ಯಂತ್ರದ ವೇಗವನ್ನು ತಗ್ಗಿಸಿದಾಗ ಈ ಭಯವು ಅಧಿಕ.

ಪರಿಹಾರವು ಸರಳವಾದುದು. ಯಂತ್ರದ ಹೊಗೆಯನ್ನು ಹೊರಕ್ಕೊಯ್ಯುವ ಕೊಳವೆಯ ಸುತ್ತ ತಗಡಿನ ಕವಚವೊಂದನ್ನು ತೊಡಿಸುವರು. ನಡುವೆ ಹಾಯುವ ಶುದ್ಧ ಗಾಳಿಯು ಕಾಯುವುದು. ಚಾಲಕನು ಗುಂಡಿಯನ್ನೆಳೆದೊಡನೆ ಆ ಬಿಸಿಗಾಳಿಯು ಕಾರ್ಬ್ಯುರೇಟರಿಗೆ ನುಗ್ಗುವುದು. ಕರಗಿದ ನೀರನ್ನು ನುಂಗಿ ಯಂತ್ರವು ಕ್ಷಣಕಾಲ ತಡವರಿಸಿ, ಬಳಿಕ ಚೇತರಿಸಿಕೊಳ್ಳುವುದು. ಬಿಸಿಗಾಳಿಯು ತೆಳುವಾದುದರಿಂದ ಯಂತ್ರದ ಬಲ ತುಸು ಕುಗ್ಗುವುದುಂಟು. ಆದಕಾರಣ ಸದಾಕಾಲವೂ ಅದನ್ನು ಬಳಸುವುದಿಲ್ಲ.

ಸಾವಿರ ಮೀಟರ್ ಮೇಲೇರಿದರೆ ಹೊರಗಿನ ಉಷ್ಣತೆಯು ಸುಮಾರು 6.5 ಡಿಗ್ರಿ ಇಳಿಯುವುದಷ್ಟೆ. ಆ ಚಳಿಯನ್ನು ನೀಗಲು ಅನೇಕ ವಿಮಾನಗಳಲ್ಲಿ ಇಂತಹುದೇ ಕವಚದಿಂದ ಚಾಲಕನ ಕೋಣೆಗೂ ಬಿಸಿಗಾಳಿಯನ್ನು ಹಾಯಿಸುವರು. ಅಪಾಯವಿರುವುದು ಇಲ್ಲಿಯೇ. ಒಳಗಿನ ಕೊಳವೆಯು ಬಿರುಕುಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವು ಬಿಸಿಗಾಳಿಯೊಡನೆ ಒಳಬರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಆಕ್ರಮಿಸುವುದು. ಮೊದಲು ತಲೆನೋವು, ಅನಂತರ ಮಂಪರು, ಕಡೆಗೆ ಎಚ್ಚರವೇ ತಪ್ಪುವುದು. ಅದಕ್ಕಾಗಿಯೇ ಆ ಕೊಳವೆಯನ್ನು ಕಾಲಕಾಲಕ್ಕೆ ಪರೀಕ್ಷಿಸತಕ್ಕದ್ದು. ಸಂಶಯ ತೋರಿದೊಡನೆ ಬಿಸಿಗಾಳಿಯನ್ನು ಮುಚ್ಚಿ, ಹೊರಗಿನ ಗಾಳಿಯನ್ನು ಬರಗೊಡತಕ್ಕದ್ದು.

ವಿಮಾನವು ನಮಗೆ ದೂರವಾದರೂ ಈ ವಿಷಾನಿಲವು ದೂರವಲ್ಲ. ಮಳೆಗಾಲದಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಬಾಗಿಲು ಕಿಟಕಿಗಳನ್ನು ಭದ್ರಪಡಿಸುವ ಮನೆಗಳಲ್ಲಿಯೂ ಅದೇ ಅಪಾಯವುಂಟು. ಕೆಂಡವನ್ನು ಹೊರಗೇ ಇರಿಸಿ, ತಾಯಿಮಕ್ಕಳನ್ನು ಬೆಚ್ಚನೆಯ ಹೊದಿಕೆಯಿಂದ ಕಾಪಾಡುವುದೇ ಲೇಸು. ಬಿಸಿಯು ಒಳಗೆ ಬರಲಿ. ಹೊಗೆಯ ದಾರಿ ಮಾತ್ರ ಹೊರಗೇ ಇರಲಿ.