ಬಗ್ ನಂಬರ್ 199

ಮೈಎಸ್‌ಕ್ಯೂಎಲ್ ಜೊತೆ ಹೆಣಗಿದವರಿಗೆಲ್ಲ 1062 ಚೆನ್ನಾಗಿ ಗೊತ್ತು. ನೀವು ಸೇವ್ ಮಾಡಹೊರಟ ದಾಖಲೆಯ ಪ್ರೈಮರಿ ಕೀ ಆ ಟೇಬಲ್‌ನಲ್ಲಿ ಆಗಲೇ ಇದೆ ಎಂದು ಹೇಳುವ ಎರರ್ ಅದು. ಹೆಚ್ಚಿನ ಸಲ ತಪ್ಪು ಕೋಡ್‌ನಲ್ಲೇ ಇರುತ್ತದೆ. ಹೊಸ ಆಬ್ಜೆಕ್ಟ್‌ಗೆ ಹಳೆಯ ಐಡಿ ಅಂಟಿಕೊಂಡಿರುತ್ತದೆ, ಇಲ್ಲವೇ ಒಂದನ್ನೇ ಎರಡು ಸಲ ಇನ್‌ಸರ್ಟ್ ಮಾಡಿರುತ್ತಾರೆ. ಆದರೆ ಕೋಡನ್ನು ಎಷ್ಟು ಜಾಲಾಡಿದರೂ ಕೈಗೆ ಸಿಗದ ಇನ್ನೊಂದು ಬಗೆಯೂ ಇತ್ತು.

ವಿಲೇವಾರಿಯಾದ ಸಾಲುಗಳನ್ನೆಲ್ಲ ಆರ್ಕೈವ್ ಟೇಬಲ್‌ಗೆ ಸಾಗಿಸಿ, ಮೂಲದಿಂದ ಅಳಿಸುವ ಪದ್ಧತಿ ಎಷ್ಟೋ ಕಡೆ ಉಂಟು. ಸುಸೂತ್ರವಾಗಿ ನಡೆಯುತ್ತಿದ್ದ ಈ ಸಾಗಾಟ ಒಂದು ದಿನ 1062 ಎಂದು ಮುಗ್ಗರಿಸುತ್ತದೆ. ಎರಡೂ ದಾಖಲೆ ತೆರೆದು ನೋಡಿದರೆ ಗಿರಾಕಿ ಬೇರೆ, ತಾರೀಖು ಬೇರೆ, ಐಡಿ ಮಾತ್ರ ಒಂದೇ. ಐಡಿ ಕೊಡುವುದು ಡೇಟಾಬೇಸೇ, ಆಟೋ ಇನ್‌ಕ್ರಿಮೆಂಟ್‌ನಿಂದ. ಅದಕ್ಕೆ ಯಾರ ಕೈಯೂ ತಾಗಿಲ್ಲ. ಕೋಡ್ ಬದಲಾಗಿಲ್ಲ. ನಡುವೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಿದೆ, ಅಷ್ಟೆ.

ಸುಳಿವು ಇದ್ದದ್ದು ಆ ‘ಅಷ್ಟೆ’ಯಲ್ಲೇ. 2003ರ ಮಾರ್ಚ್‌ನಲ್ಲಿ ಪೀಟರ್ ಝೈತ್ಸೆವ್ ಎಂಬವರು ಇದನ್ನು ಮೈಎಸ್‌ಕ್ಯೂಎಲ್‌ನ ಬಗ್ ಪಟ್ಟಿಗೆ ಸೇರಿಸಿದರು; ಅದರ ನಂಬರು 199. ಪರೀಕ್ಷೆ ಯಾರು ಬೇಕಾದರೂ ಮಾಡಬಹುದಾದಷ್ಟು ಸಣ್ಣದು. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿಯ ಅಂದಿನ ಟೇಬಲ್‌ಗೆ ಮೂರು ಸಾಲು ಸೇರಿಸಿದರೆ 1, 2, 3 ಎಂಬ ಐಡಿಗಳು ಸಿಗುತ್ತವೆ. 2 ಮತ್ತು 3ನ್ನು ಅಳಿಸಿ. ಆಗಲೇ ಹೊಸ ಸಾಲು ಸೇರಿಸಿದರೆ ಅದಕ್ಕೆ 4 ಬರುತ್ತದೆ, ಬರಬೇಕಾದದ್ದೂ ಅದೇ. ಹಾಗೆ ಮಾಡದೆ, ಸರ್ವರ್ ನಿಲ್ಲಿಸಿ, ಮತ್ತೆ ಶುರು ಮಾಡಿ ಸೇರಿಸಿದರೆ ಬರುವುದು 2.

ಮುಂದಿನ ಐಡಿ ಎಷ್ಟು ಎಂಬ ಲೆಕ್ಕವನ್ನು ಇನ್ನೋಡಿಬಿ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು. ರೀಸ್ಟಾರ್ಟ್ ಆದೊಡನೆ ಲೆಕ್ಕ ಮಾಯ. ಆಮೇಲೆ ಟೇಬಲ್‌ನಲ್ಲಿ ಉಳಿದಿರುವ ಅತಿ ದೊಡ್ಡ ಐಡಿ ಹುಡುಕಿ, ಒಂದು ಕೂಡಿಸಿ ಮುಂದುವರಿಯುತ್ತಿತ್ತು. ಆರ್ಕೈವ್‌ಗೆ ಸಾಗಿಹೋದ ಐಡಿಗಳು ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದರು. ಬರೆದಿಟ್ಟ ಮಾತ್ರಕ್ಕೆ ದೋಷ ದೋಷವಲ್ಲದೆ ಹೋಗುತ್ತದೆಯೇ? ಟಿಸಿ ತೆಗೆದುಕೊಂಡು ಹೋದ ಹುಡುಗನ ದಾಖಲಾತಿ ನಂಬರನ್ನು ಯಾವ ಹೆಡ್‌ಮಾಸ್ತರೂ ಮುಂದಿನ ಹುಡುಗನಿಗೆ ಕೊಡುವುದಿಲ್ಲ.

ನನ್ನನ್ನು ಕೇಳಿದರೆ 1062 ಬಂದವರು ಪುಣ್ಯವಂತರು. ಫಾರಿನ್ ಕೀ ಕಟ್ಟುಪಾಡಿಲ್ಲದ ಡೇಟಾಬೇಸ್‌ನಲ್ಲಿ ಎರರ್ರೇ ಬರುವುದಿಲ್ಲ. ಅಳಿಸಿಹೋದ ಬಳಕೆದಾರನ ಹಳೆಯ ಬಿಲ್ಲು, ಪತ್ರಗಳೆಲ್ಲ ಅದೇ ಐಡಿ ಪಡೆದ ಹೊಸಬನ ಖಾತೆಗೆ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಅದು ಪತ್ತೆಯಾಗುವುದು ಯಾರೋ ಒಬ್ಬ ಗಿರಾಕಿ ‘ಇದು ನನ್ನದಲ್ಲ’ ಎಂದಾಗ ಮಾತ್ರ.

ಪರಿಹಾರ ಜನರ ಕೈಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ, ಮೈಎಸ್‌ಕ್ಯೂಎಲ್ 8.0 ಬಿಡುಗಡೆಯೊಂದಿಗೆ. ದೂರು ದಾಖಲಾಗಿ 15 ವರ್ಷ ಕಳೆದಿತ್ತು. ಈಗ ಲೆಕ್ಕ ಬದಲಾದಾಗಲೆಲ್ಲ ಅದು ರೀಡೂ ಲಾಗ್‌ಗೆ ಬೀಳುತ್ತದೆ. ಪ್ರತಿ ಚೆಕ್‌ಪಾಯಿಂಟ್‌ನಲ್ಲೂ ಡೇಟಾ ಡಿಕ್ಷನರಿಗೆ ಸೇರುತ್ತದೆ. ಸರ್ವರ್ ನಿಂತು ಎದ್ದರೂ ಮೇಲಿನ ಪರೀಕ್ಷೆಯಲ್ಲಿ 4 ಬರುತ್ತದೆ.

ಈ ಪರಿಹಾರವಿಲ್ಲದ ಹಿಂದಿನ ಆವೃತ್ತಿ 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ನೀವಿನ್ನೂ ಅದರಲ್ಲೇ ಇದ್ದು, ಸಾಲುಗಳನ್ನು ಆರ್ಕೈವ್‌ಗೆ ಸಾಗಿಸುತ್ತಿದ್ದರೆ, ಮುಂದಿನ ರೀಸ್ಟಾರ್ಟ್‌ಗೆ ಮೊದಲು ಎರಡೂ ಟೇಬಲ್‌ಗಳ ಅತಿ ದೊಡ್ಡ ಐಡಿಗಳನ್ನು ಹೋಲಿಸಿ ನೋಡಿ. ಆರ್ಕೈವ್‌ನದು ದೊಡ್ಡದಿದ್ದರೆ, ಸರ್ವರ್ ಎದ್ದ ಕೂಡಲೇ, ಹೊಸ ಸಾಲು ಬೀಳುವ ಮೊದಲೇ, ಆಲ್ಟರ್ ಟೇಬಲ್ ಹಾಕಿ ಮೂಲ ಟೇಬಲ್‌ನ ಲೆಕ್ಕವನ್ನು ಅದಕ್ಕಿಂತ ಮೇಲಕ್ಕೆ ಏರಿಸಿಬಿಡಿ.