ಸ್ಕೂಟರಿನ ಒಡಲೊಳಗಿನ ಮಸಿ

ನಮ್ಮ ಉಪನಗರಗಳ ಹಳೆಯ ಸೊಸಾಯಿಟಿಗಳಲ್ಲಿ ಜಿನೆಯ ಕೆಳಗೆ ಹೊದಿಕೆ ಹೊದ್ದು ನಿಂತ ಸ್ಕೂಟರು ಈಗಲೂ ಅಲ್ಲೊಂದು ಇಲ್ಲೊಂದು ಕಾಣಸಿಗುವುದುಂಟು. ತಂದೆಯವರು ಕೊಂಡದ್ದು, ಮಾರಲು ಮನಸ್ಸು ಬಾರದು, ಓಡಿಸೋಣವೆಂದರೆ ಕಿಕ್ ಹೊಡೆದು ಕಾಲು ಸೋಲುವುದು. ಎಂಜಿನ್ ಸತ್ತಿತೆಂದು ಭಂಗಾರವಾಲಾನನ್ನು (ನಮಗೆ ಬಂಗಾರ, ಈ ಊರಿಗೆ ಗುಜರಿ!) ಕರೆಯುವ ಮೊದಲು ವಾಚಕರು ಒಂದನ್ನು ಯೋಚಿಸಬೇಕು: ಅದರ ಕಾಯಿಲೆ ಬರಿಯ ಮಸಿಯದಿರಬಹುದು.

1950ರ ದಶಕದಲ್ಲಿ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾದವರು ಮುಂಬಯಿಯಲ್ಲೇ ಲ್ಯಾಂಬ್ರೆಟಾ ಜೋಡಿಸುತ್ತಿದ್ದರು. 1972ರಲ್ಲಿ ಬಜಾಜರ ಚೇತಕ್ ಬಂತು. ಇವು ಟೂ-ಸ್ಟ್ರೋಕ್ ಯಂತ್ರಗಳು. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಚೇತಕ್‌ಗಾದರೆ ಲೀಟರಿಗೆ 20 ಮಿಲಿ. ಆ ಎಣ್ಣೆ ಪೂರ್ತಿ ಉರಿಯದೆ ಉಳಿದರೆ ಅದೇ ಕಾರ್ಬನ್. ಮನೆಯಿಂದ ಸ್ಟೇಶನ್ನಿಗೆ, ಸ್ಟೇಶನ್ನಿನಿಂದ ಮನೆಗೆ, ಅದೂ ಗರ್ದಿಯಲ್ಲಿ ತೆವಳುತ್ತ ಹೋಗುವ ಗಾಡಿಗೆ ಎಂಜಿನ್ ಕಾಯಲು ಪುರಸತ್ತೆಲ್ಲಿ? ‘ಇನ್ನಷ್ಟಿರಲಿ’ ಎಂದು ಎಣ್ಣೆ ಹೆಚ್ಚು ಸುರಿಯುವವರ ಗಾಡಿಯಂತೂ ಬೇಗ ಕಟ್ಟುತ್ತದೆ. ಊರ ಮನೆಯ ಹೊಗೆಗೂಡು ಮುಚ್ಚಿದರೆ ಒಲೆ ಹೇಗೆ ಉರಿಯದೋ ಹಾಗೆಯೇ ಸೈಲೆನ್ಸರು ಮುಚ್ಚಿದರೆ ಹೊಗೆ ಹೊರಬೀಳದು, ಹೊಸ ಪೆಟ್ರೋಲು ಒಳಬಾರದು.

ಈ ಮಾತೆಲ್ಲ ಹಳೆಯ ಗಾಡಿಗೆ ಮಾತ್ರ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲಿನ ಗಾಡಿಗಳ ಸೈಲೆನ್ಸರಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದಕ್ಕೆ ಕೆರೆಯುವುದೂ ಬೇಡ, ದ್ರಾವಣವೂ ಬೇಡ. ಅದು ವರ್ಕ್‌ಶಾಪಿನವರ ಕೆಲಸ.

ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಕೈಹಚ್ಚಬೇಕು. ಹತ್ತಿರ ಬೀಡಿ, ಬೆಂಕಿ ಕೂಡದು. ಪ್ಲಗ್ ಬಿಚ್ಚಿ ತಂತಿಬ್ರಶ್ಶಿನಿಂದ ಉಜ್ಜಿರಿ. ಸೈಲೆನ್ಸರು ಕಳಚಿದರೆ ಸಿಲಿಂಡರಿನ ಹೊಗೆಬಾಯಿ ಕಾಣುತ್ತದೆ. ಕಿಕ್ಕನ್ನು ಮೆಲ್ಲನೆ ಒತ್ತಿ ಪಿಸ್ಟನ್ನನ್ನು ಮೇಲಕ್ಕೆ ತಂದರೆ ಅದರ ಪಕ್ಕೆಯೇ ಆ ಬಾಯಿಗೆ ಬಾಗಿಲಾಗಿ ನಿಲ್ಲುವುದು. ಆಗ ಕೆರೆದ ಮಸಿ ಒಳಗೆ ಬೀಳದು. ಕೆರೆಯಲು ಗಟ್ಟಿ ಮರದ ಕಡ್ಡಿಯೇ ಸಾಕು. ಸ್ಕ್ರೂಡ್ರೈವರು ಮುಟ್ಟಬೇಡಿ, ಪಿಸ್ಟನ್ನು ಅಲ್ಯುಮಿನಿಯಮಿನದು, ಒಂದು ಗೀರು ಬಿದ್ದರೆ ಮಸಿಗಿಂತ ದೊಡ್ಡ ನಷ್ಟ. ಹೆಡ್ಡನ್ನೂ ಬಿಚ್ಚುವ ಧೈರ್ಯವಿದ್ದರೆ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಪಿಸ್ಟನ್ನಿನ ನೆತ್ತಿಯ ಸುತ್ತ ಗ್ರೀಸು ಬಳಿದುಕೊಂಡರೆ ಉದುರಿದ ಪುಡಿಯೆಲ್ಲ ಅದಕ್ಕಂಟುತ್ತದೆ; ಆಮೇಲೆ ಒರೆಸಿ ತೆಗೆಯಿರಿ.

ಸೈಲೆನ್ಸರಿನದೇ ಕಷ್ಟ. ಒಳಗೆ ಕಡ್ಡಿ ಹೋಗದು. ಕೆಲವರು ಅದನ್ನು ಬೆಂಕಿಗೆ ಹಾಕಿ ಸುಡುತ್ತಾರೆ. ಸಾಲಾಗಿ ಗಾಡಿ ನಿಲ್ಲುವ ನಮ್ಮ ಅಂಗಳಗಳಲ್ಲಿ ಅದು ಹುಚ್ಚು ಸಾಹಸ. ಕಾಸ್ಟಿಕ್ ಸೋಡಾದ ದ್ರಾವಣ ತುಂಬಿಟ್ಟರೆ ಮಸಿ ಸಡಿಲಾಗುವುದು ನಿಜ, ಆದರೆ ಇಲ್ಲಿಯೇ ಕಣ್ಣು ಕಳೆದುಕೊಳ್ಳುವ ಭಯವಿರುವುದು. ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕತಕ್ಕದ್ದು; ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರ್ ಕೈಚೀಲ, ಕನ್ನಡಕ ಬೇಕೇ ಬೇಕು. ಉಕ್ಕಿನ ಸೈಲೆನ್ಸರಿಗೆ ಮಾತ್ರ ಇದು ಸಲ್ಲುತ್ತದೆ. ಅಲ್ಯುಮಿನಿಯಮನ್ನು ಸೋಡಾ ತಿಂದುಬಿಡುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಏಳುತ್ತದೆ. ಆದಕಾರಣ ಅಡುಗೆಮನೆಯ ಹಿಂಡಾಲಿಯಂ ಪಾತೇಲಿಯನ್ನು ಈ ಕೆಲಸಕ್ಕೆ ಎತ್ತಿ ತರುವ ಯಜಮಾನರು ಮನೆಯಾಕೆಯ ಕೋಪಕ್ಕಷ್ಟೇ ಅಲ್ಲ, ಅಪಾಯಕ್ಕೂ ಗುರಿಯಾದಾರು. ಮನೆಯಲ್ಲಿ ಮಕ್ಕಳಿದ್ದರೆ ಸೋಡಾದ ಸಹವಾಸವೇ ಬೇಡ. ಸೈಲೆನ್ಸರೊಂದನ್ನು ಗ್ಯಾರೇಜಿಗೆ ಕೊಟ್ಟುಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ನೋಂದಣಿಗೆ 15 ವರ್ಷ ತುಂಬಿದ ಗಾಡಿಯಾದರೆ ಅದನ್ನು ನವೀಕರಿಸಿಕೊಂಡ ಮೇಲೆಯೇ ರಸ್ತೆಗಿಳಿಸಬೇಕು. ಟಾಕಿಯಲ್ಲಿ ಬಹುಕಾಲ ನಿಂತ ಪೆಟ್ರೋಲನ್ನು ತೆಗೆದು ಹೊಸದನ್ನು ತುಂಬಿರಿ. ಮೊದಲ ಸಲ ಚಾಲೂ ಮಾಡುವಾಗ ಉಳಿದ ಮಸಿ, ಎಣ್ಣೆಯೆಲ್ಲ ದಟ್ಟ ಹೊಗೆಯಾಗಿ ಬಂದೀತು. ಆದ್ದರಿಂದ ಗಾಡಿಯನ್ನು ಬಯಲಿಗೆ ತಳ್ಳಿಕೊಂಡು ಹೋಗಿ ಕಿಕ್ ಹೊಡೆಯಿರಿ. ನೆರೆಮನೆಯವರ ಒಗೆದ ಬಟ್ಟೆಗಳು ಗ್ಯಾಲರಿಯಲ್ಲಿ ಒಣಗುತ್ತಿರುತ್ತವೆ.